ಕೀರ್ತನೆಯೊಳಗೆ ಅಳುವವರು ಯಾರು?

ಕ್ರಿ.ಶ. 379ರ ಸುಮಾರು. ಈಗಿನ ಟರ್ಕಿಯ ಉತ್ತರ ಭಾಗದಲ್ಲಿದ್ದ ಪೊಂಟಸ್ ಪ್ರಾಂತ. ಐರಿಸ್ ನದಿಯ ಬಳಿಯ ಅನ್ನಿಸಾ ಎಂಬಲ್ಲಿನ ಮಠದಲ್ಲಿ ಮ್ಯಾಕ್ರಿನಾ ಎಂಬ ಸನ್ಯಾಸಿನಿ ಕೊನೆಯ ಗಳಿಗೆಯಲ್ಲಿದ್ದಳು. ನೆಲದ ಮೇಲೊಂದು ಹಲಗೆ, ಅದರ ಮೇಲೊಂದು ಗೋಣಿಬಟ್ಟೆ, ಅದೇ ಅವಳ ಹಾಸಿಗೆ. ಎಷ್ಟೋ ವರ್ಷಗಳ ಮೇಲೆ ಅಕ್ಕನನ್ನು ನೋಡಲು ಬಂದಿದ್ದ ತಮ್ಮ, ನಿಸ್ಸಾ ಊರಿನ ಬಿಷಪ್ ಗ್ರೆಗರಿ, ಹತ್ತಿರದಲ್ಲೇ ಇದ್ದ. ಸಂಜೆ ದೀಪ ತಂದಿಟ್ಟಾಗ ಅವಳು ದೀಪದ ಹೊತ್ತಿನ ಪ್ರಾರ್ಥನೆ ಹೇಳಲು ಹೋದಳು. ಸ್ವರ ಹೊರಡಲಿಲ್ಲ. ತುಟಿ ಅಲುಗಿತು, ಕೈ ಮುಖದವರೆಗೆ ಹೋಗಿ ಶಿಲುಬೆಯ ಗುರುತು ಹಾಕಿತು. ಪ್ರಾರ್ಥನೆ ಮುಗಿಯುವುದಕ್ಕೂ ಉಸಿರು ನಿಲ್ಲುವುದಕ್ಕೂ ಸರಿಹೋಯಿತು.

ಅವಳಿಗೆ ಕೇಳಿಸಬಾರದೆಂದು ಅಲ್ಲಿಯವರೆಗೆ ದುಃಖವನ್ನು ಅದುಮಿಟ್ಟುಕೊಂಡಿದ್ದ ಮಠದ ಹೆಣ್ಣುಮಕ್ಕಳು ಒಮ್ಮೆಗೇ ಬಾಯಿಬಿಟ್ಟು ಅತ್ತರು. ಎಲ್ಲರಿಗಿಂತ ಹೆಚ್ಚು ಗೋಳಾಡಿದವರು, ಬರಗಾಲದಲ್ಲಿ ದಾರಿಬದಿಯಲ್ಲಿ ಬಿದ್ದಿದ್ದಾಗ ಮ್ಯಾಕ್ರಿನಾ ಎತ್ತಿ ತಂದು ಸಾಕಿದವರು. ಅವಳನ್ನು ಅಮ್ಮ ಎಂದು ಕರೆದು ಅತ್ತರು. ತಾನೂ ಆ ಅಳುವಿನ ಪ್ರವಾಹದಲ್ಲಿ ಮುಳುಗಿಹೋದೆ ಎಂದು ಗ್ರೆಗರಿ ಅಕ್ಕನ ಚರಿತ್ರೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಆಮೇಲೆ ತೀರಿಕೊಂಡವಳ ಮುಖ ನೋಡಿ ತನ್ನನ್ನು ತಾನೇ ಹಿಡಿದುಕೊಂಡು, ಆ ಗದ್ದಲದ ಮೇಲೂ ಕೇಳುವಂತೆ ಗಟ್ಟಿಯಾಗಿ ಕೂಗಿದ. ಅಳುವುದಕ್ಕೆ ಒಂದು ಹೊತ್ತನ್ನು ಅವಳೇ ನಿಮಗೆ ಗೊತ್ತುಮಾಡಿಕೊಟ್ಟಿದ್ದಳಲ್ಲ, ಅದು ಪ್ರಾರ್ಥನೆಯ ಹೊತ್ತು. ಈ ಗೋಳನ್ನೇ ಕೀರ್ತನೆಯಾಗಿ ತಿರುಗಿಸಿ ಹಾಡಿರಿ ಎನ್ನುವುದು ಅವನ ಮಾತಿನ ತಾತ್ಪರ್ಯ.

ಆ ರಾತ್ರಿಯೆಲ್ಲ ಕೀರ್ತನೆಗಳ ಜಾಗರಣೆ ನಡೆಯಿತು. ಬೆಳಗಾಗುವಷ್ಟರಲ್ಲಿ ಸುತ್ತಲ ಊರುಗಳಿಂದ ಜನ ಬಂದು ತುಂಬಿದರು. ಬಂದವರು ಎದೆ ಬಡಿದುಕೊಂಡು ಅಳುವ ಸದ್ದಿನಲ್ಲಿ ಹಾಡು ಕೇಳದಂತಾಯಿತು. ಗ್ರೆಗರಿ ಹೆಂಗಸರನ್ನು ಸನ್ಯಾಸಿನಿಯರ ಜೊತೆಗೂ ಗಂಡಸರನ್ನು ಸನ್ಯಾಸಿಗಳ ಜೊತೆಗೂ ನಿಲ್ಲಿಸಿ, ಎಲ್ಲರದೂ ಒಂದೇ ಮೇಳವಾಗುವಂತೆ ಮಾಡಿದ. ಹುತಾತ್ಮರ ಗುಡಿಗೆ ಇದ್ದದ್ದು ಒಂದೂವರೆ ಕಿಲೋಮೀಟರಿನಷ್ಟು ದಾರಿ; ಅಷ್ಟನ್ನು ದಾಟುವುದಕ್ಕೆ ಹೆಚ್ಚುಕಡಿಮೆ ಇಡೀ ದಿನ ಹಿಡಿಯಿತು. ಅಲ್ಲಿ ಮುಟ್ಟಿ ಕೀರ್ತನೆ ನಿಂತ ಕೂಡಲೇ ಒಬ್ಬಳು, ಇನ್ನು ಈ ಮುಖ ಕಾಣಸಿಗದಲ್ಲ ಎಂದು ಚೀರಿದಳು. ಮತ್ತೆ ಎಲ್ಲರೂ ಅತ್ತರು. ಬಿಷಪ್ಪನ ಏರ್ಪಾಡು ಕ್ಷಣದಲ್ಲಿ ಕುಸಿಯಿತು. ಅವನು ಅದನ್ನೂ ಬರೆದಿಟ್ಟ.

ಈ ಒಂದು ಸಾವಿನ ಸುತ್ತ ಆದಿ ಕ್ರೈಸ್ತ ಜಗತ್ತಿನ ದೊಡ್ಡದೊಂದು ತಿಕ್ಕಾಟ ಕಾಣುತ್ತದೆ. ಪುನರುತ್ಥಾನವನ್ನು ನಂಬಿದವರು ಅಳಬಹುದೇ? ಅಳಬಾರದು ಎಂದರೆ ಅವರ ಕೈಯಲ್ಲಿದ್ದ ಪ್ರಾರ್ಥನಾ ಗ್ರಂಥದ ಗತಿಯೇನು? ಆ ಗ್ರಂಥ ತುಂಬಾ ಅಳುವೇ ಇತ್ತು.

ಕನ್ನಡ ಬೈಬಲಿನಲ್ಲಿ ‘ಕೀರ್ತನೆಗಳು’ ಎಂಬ ಹೆಸರಿನ ಭಾಗವನ್ನು ತೆರೆದವರಿಗೆ ಇದು ಗೊತ್ತು. ಒಟ್ಟು 150 ಕೀರ್ತನೆಗಳು, ಹೀಬ್ರೂ ಭಾಷೆಯವು, ಶತಮಾನಗಳ ಅವಧಿಯಲ್ಲಿ ಹುಟ್ಟಿದವು. ಸ್ತುತಿ, ಕೃತಜ್ಞತೆ ಎಲ್ಲ ಇವೆ. ಆದರೆ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಪ್ರಲಾಪ. ರೋಗಿಯ ನರಳಾಟ, ಸುಳ್ಳು ಆಪಾದನೆಗೆ ಸಿಕ್ಕಿದವನ ಮೊರೆ, ಕ್ರಿ.ಪೂ. 6ನೇ ಶತಮಾನದಲ್ಲಿ ಬಾಬಿಲೋನಿನವರು ಯೆರೂಸಲೇಮಿನ ದೇವಾಲಯವನ್ನು ಸುಟ್ಟಾಗಿನ ಒಂದಿಡೀ ಜನಾಂಗದ ಆಕ್ರಂದನ. ಈ ಮೊರೆಗಳು ವಿನಯದ ಬೇಡಿಕೆಗಳಲ್ಲ. ದೇವರು ಮಲಗಿದ್ದಾನೆಯೇ, ಮರೆತಿದ್ದಾನೆಯೇ, ಎಲ್ಲಿಯತನಕ ಮುಖ ಮರೆಸಿಕೊಳ್ಳುತ್ತಾನೆ ಎಂದು ನೇರವಾಗಿ ಕೇಳುತ್ತವೆ. ಹೆಚ್ಚಿನವು ಕೊನೆಗೆ ಭರವಸೆಯ ಕಡೆಗೆ ಹೊರಳುತ್ತವೆ. 88ನೆಯದು ಹೊರಳುವುದೇ ಇಲ್ಲ, ಕತ್ತಲಿನಲ್ಲೇ ಮುಗಿಯುತ್ತದೆ.

ಇದಕ್ಕೆ ಎದುರಾಗಿ ನಿಂತದ್ದು ಗ್ರೀಕ್–ರೋಮನ್ ಶಿಷ್ಟರ ಸಂಸ್ಕಾರ. ತಿಳಿದವನು ದುಃಖಕ್ಕೆ ಬಗ್ಗಬಾರದು ಎಂಬ ಸ್ತೋಯಿಕ್ ತತ್ತ್ವದ ನೀರು ಕುಡಿದೇ ಚರ್ಚಿನ ಪಂಡಿತರೂ ಬೆಳೆದಿದ್ದರು. ಇನ್ನೊಂದು ಕಡೆ ಬೀದಿಯ ರೂಢಿ: ಸಾವಿನ ಮನೆಗೆ ದುಡ್ಡು ಕೊಟ್ಟು ಅಳುವ ಹೆಂಗಸರನ್ನು ಕರೆಸುವುದು, ಕೂದಲು ಕಿತ್ತುಕೊಳ್ಳುವುದು, ಕೆನ್ನೆ ಪರಚಿಕೊಳ್ಳುವುದು. ಕಾನ್‌ಸ್ಟಾಂಟಿನೋಪಲಿನ ಬಿಷಪ್ ಯೋಹಾನ ಕ್ರಿಸೊಸ್ಟಮ್ ಈ ಬಾಡಿಗೆ ಅಳುವಿನ ಮೇಲೆ ಹರಿಹಾಯ್ದ. ಅಂಥವರನ್ನು ಕರೆಸುವವರನ್ನು ಚರ್ಚಿನಿಂದಲೇ ಹೊರಗಿಡುತ್ತೇನೆ ಎಂದು ಪ್ರವಚನದಲ್ಲಿ ಎಚ್ಚರಿಸಿದ. ಶವದ ಮುಂದೆ ನೀವು ಹಾಡುವ ಕೀರ್ತನೆಯ ಅರ್ಥವೇನು, ನೀವು ಮಾಡುತ್ತಿರುವುದೇನು ಎಂದು ಜನರನ್ನು ಕೇಳಿದ.

ಚರ್ಚಿನ ಇನ್ನೊಬ್ಬ ಪಂಡಿತ ಜೆರೋಮ್ ಇನ್ನೂ ಕಟು. 384ರಲ್ಲಿ ರೋಮಿನಲ್ಲಿ ಬ್ಲೆಸಿಲ್ಲಾ ಎಂಬ ತರುಣಿ ತೀರಿಕೊಂಡಳು. ತಾಯಿ ಪೌಲಾ ಮಗಳ ಶವಯಾತ್ರೆಯಲ್ಲಿ ಮೂರ್ಛೆ ಬಿದ್ದಳು. ಅವಳ ಗುರುವಾಗಿದ್ದ ಜೆರೋಮ್ ಬರೆದ ಪತ್ರ ಸಾಂತ್ವನದಿಂದ ಶುರುವಾಗಿ, ಇಷ್ಟು ಅಳುವುದು ವಿಶ್ವಾಸಿಗೆ ತಕ್ಕದ್ದಲ್ಲ ಎಂಬ ಗದರಿಕೆಗೆ ತಿರುಗುತ್ತದೆ. ಮಗಳನ್ನು ಕಳೆದುಕೊಂಡ ತಾಯಿಗೆ ಬರೆದ ಆ ಸಾಲುಗಳನ್ನು ಓದುವುದು ಈಗಲೂ ಕಷ್ಟ. ಇಪ್ಪತ್ತು ವರ್ಷ ಕಳೆದು, 404ರ ಜನವರಿಯಲ್ಲಿ, ಬೆತ್ಲೆಹೇಮಿನಲ್ಲಿ ಪೌಲಾಳೇ ತೀರಿಕೊಂಡಳು. ಅಲ್ಲಿ ಲೋಕದ ರೂಢಿಯ ಗೋಳಾಟ ಇರಲಿಲ್ಲ, ಗ್ರೀಕ್, ಲ್ಯಾಟಿನ್, ಸಿರಿಯಾಕ್ ಭಾಷೆಗಳಲ್ಲಿ ಕೀರ್ತನೆಗಳು ಮೊಳಗಿದವು ಎಂದು ಜೆರೋಮ್ ಹೆಮ್ಮೆಯಿಂದ ಬರೆದ. ಆದರೆ ಅದೇ ಪತ್ರದ ತುಂಬ ಅವನ ಸ್ವಂತ ದುಃಖ ಉಕ್ಕುತ್ತದೆ.

ಹಾಗಾದರೆ ಕೀರ್ತನೆಗಳ ಒಳಗಿನ ಅಳು ಯಾರದು? ಎಲ್ಲ ಚರ್ಚೆಯೂ ಸುತ್ತಿ ಸುತ್ತಿ ಈ ಪ್ರಶ್ನೆಗೇ ಬಂದು ನಿಲ್ಲುತ್ತಿತ್ತು. ಅದಕ್ಕೊಂದು ಕಾರಣವಿತ್ತು. ಮಾರ್ಕ ಮತ್ತು ಮತ್ತಾಯ ಬರೆದ ಸುವಾರ್ತೆಗಳ ಪ್ರಕಾರ ಯೇಸು ಶಿಲುಬೆಯ ಮೇಲೆ ಸಾಯುವ ಮುನ್ನ ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತನ್ನು, ದೇವರು ತನ್ನನ್ನೇಕೆ ಕೈಬಿಟ್ಟ ಎಂದು ಕೇಳುವ ಮಾತನ್ನು. ಲೂಕ ಆ ಕೂಗನ್ನು ಬಿಟ್ಟು, 31ನೇ ಕೀರ್ತನೆಯಲ್ಲಿ ಆತ್ಮವನ್ನು ದೇವರ ಕೈಗೊಪ್ಪಿಸುವ ಶಾಂತವಾದ ಸಾಲನ್ನು ಇಟ್ಟ. ಯೋಹಾನನ ಸುವಾರ್ತೆಯಲ್ಲಿ ಎರಡೂ ಇಲ್ಲ. ಸೈನಿಕರು ಬಟ್ಟೆಗೆ ಚೀಟಿ ಹಾಕಿದ ಪ್ರಸಂಗಕ್ಕೆ ಮಾತ್ರ 22ನೇ ಕೀರ್ತನೆ ಬರುತ್ತದೆ. ಆ ಕೂಗನ್ನು ಹೇಗೆ ತೆಗೆದುಕೊಳ್ಳಬೇಕೆಂಬ ತಳಮಳ ಸುವಾರ್ತೆಗಳ ಕಾಲದಷ್ಟು ಹಳೆಯದು ಎಂದೇ ನನಗೆ ಕಾಣುತ್ತದೆ.

ಹೊರಗಿನವರೂ ಸುಮ್ಮನಿರಲಿಲ್ಲ. 2ನೇ ಶತಮಾನದ ಕೊನೆಯ ಭಾಗದಲ್ಲಿ ಸೆಲ್ಸಸ್ ಎಂಬ ಗ್ರೀಕ್ ಚಿಂತಕ, ದೇವರೇ ಆಗಿದ್ದರೆ ಸಾವಿಗೆ ಹೆದರಿ ಹಲುಬುವುದೇಕೆ ಎಂದು ಕ್ರೈಸ್ತರನ್ನು ಕೆಣಕಿದ.

ಅದಕ್ಕೂ ಮೊದಲೇ, 155–160ರ ಹೊತ್ತಿಗೆ, ಹುತಾತ್ಮ ಜಸ್ಟಿನ್ ಉತ್ತರದ ಒಂದು ದಾರಿ ಹಾಕಿದ್ದ. ಈಗಿನ ನಾಬ್ಲುಸ್ ಪಟ್ಟಣದಲ್ಲಿ ಹುಟ್ಟಿದ ಜಸ್ಟಿನ್, ಟ್ರೈಫೊ ಎಂಬ ಯಹೂದಿಯೊಡನೆ ನಡೆದ ಸಂವಾದದ ರೂಪದಲ್ಲಿ ಒಂದು ಪುಸ್ತಕ ಬರೆದ. ಅದರಲ್ಲಿ 22ನೇ ಕೀರ್ತನೆಯನ್ನು ಹಿಡಿದು ಸಾಲುಸಾಲಾಗಿ ಶಿಲುಬೆಯ ಘಟನೆಗೆ ಹೊಂದಿಸುತ್ತಾ ಹೋಗುತ್ತಾನೆ: ಕೈಕಾಲಿಗೆ ಹೊಡೆದ ಮೊಳೆ, ಗೇಲಿ ಮಾಡಿದ ಜನ, ಹಂಚಿಹೋದ ಬಟ್ಟೆ. ಕೀರ್ತನೆಗಳನ್ನು ಬರೆದನೆಂದು ನಂಬಲಾದ ದಾವೀದ ರಾಜ ಸಾವಿರ ವರ್ಷ ಮೊದಲೇ ಮುಂಗಂಡು ಹೇಳಿದ್ದು ಇದನ್ನೇ ಎಂಬುದು ಅವನ ವಾದ. ಒಂದು ಜಾಗದಲ್ಲಿ ಮಾತ್ರ ಅವನು ಹೊಂದಾಣಿಕೆಯ ಲೆಕ್ಕವನ್ನು ಮೀರುತ್ತಾನೆ. ಹೃದಯ ಮೇಣದಂತೆ ಕರಗಿತು ಎಂಬ ಸಾಲಿಗೆ ಬಂದಾಗ, ಗೆತ್ಸೆಮನೆಯ ತೋಟದಲ್ಲಿ ಯೇಸುವಿನ ಮೈಯಿಂದ ಬೆವರು ಹನಿಹನಿಯಾಗಿ ಬಿದ್ದದ್ದನ್ನು ನೆನೆದು, ಆ ನೋವು ನಟನೆಯಲ್ಲ, ಮಗ ನಿಜಕ್ಕೂ ಅನುಭವಿಸಬೇಕೆಂದೇ ತಂದೆಯ ಇಚ್ಛೆಯಾಗಿತ್ತು ಎನ್ನುತ್ತಾನೆ. ಜಸ್ಟಿನ್ ಕೂಡ 165ರ ಸುಮಾರಿಗೆ ರೋಮಿನಲ್ಲಿ ತಲೆದಂಡ ಕೊಟ್ಟ.

ಈ ದಾರಿಗೆ ಒಂದು ದೊಡ್ಡ ತೊಡಕು ಅಡ್ಡ ಬಂತು. ಕ್ರೈಸ್ತರು ಓದುತ್ತಿದ್ದದ್ದು ಅಲೆಕ್ಸಾಂಡ್ರಿಯಾದಲ್ಲಿ ಆದ ಗ್ರೀಕ್ ಅನುವಾದ. 22ನೇ ಕೀರ್ತನೆಯ ಹೀಬ್ರೂ ಮೂಲದಲ್ಲಿ ಮೊರೆಯಿಡುವವನು ತನ್ನ ನರಳಾಟದ ಮಾತೆತ್ತುವ ಕಡೆ, ಗ್ರೀಕಿನಲ್ಲಿ ತನ್ನ ಅಪರಾಧಗಳ ಮಾತೆತ್ತುತ್ತಾನೆ. ಲ್ಯಾಟಿನ್ ಅನುವಾದವೂ ಗ್ರೀಕಿನ ಹಿಂದೆಯೇ ಹೋಯಿತು. ಪಾಪವೇ ಇಲ್ಲದ ಯೇಸು ತನ್ನ ಪಾಪಗಳ ಬಗ್ಗೆ ಹೇಳಿಕೊಳ್ಳುವುದು ಹೇಗೆ? ಮುಂದಿನ ಇನ್ನೂರು–ಮುನ್ನೂರು ವರ್ಷ ವ್ಯಾಖ್ಯಾನಕಾರರ ನಿದ್ದೆ ಕೆಡಿಸಿದ ಸಾಲಿದು.

ಅಲೆಕ್ಸಾಂಡ್ರಿಯಾದ ಒರಿಜೆನ್‌ಗೆ ಇಲ್ಲಿ ಶಾಲೆಯ ಪಾಠ ನೆರವಿಗೆ ಬಂತು. ಗ್ರೀಕ್ ವ್ಯಾಕರಣದ ಮೇಷ್ಟರುಗಳು ಹೋಮರನ ಕಾವ್ಯವನ್ನೋ ನಾಟಕವನ್ನೋ ಕಲಿಸುವಾಗ, ಈ ಮಾತು ಯಾವ ಪಾತ್ರದ್ದು ಎಂದು ಮೊದಲು ಕೇಳಿಸುತ್ತಿದ್ದರು. ಒರಿಜೆನ್ ಅದೇ ಪ್ರಶ್ನೆಯನ್ನು ಕೀರ್ತನೆಗಳಿಗೆ ಹಾಕಿದ. ಇಲ್ಲಿ ಮಾತಾಡುತ್ತಿರುವುದು ಪ್ರವಾದಿಯೋ, ಕ್ರಿಸ್ತನೋ, ಸಭೆಯೋ? ಒಂದೇ ಕೀರ್ತನೆಯಲ್ಲಿ ದನಿ ಬದಲಾಗುವುದನ್ನು ಅವನು ಸೂಕ್ಷ್ಮವಾಗಿ ಗುರುತಿಸುತ್ತಾ ಹೋದ. ಅವನ ತಂದೆ ಹುತಾತ್ಮನಾದಾಗ ಅವನಿನ್ನೂ ಹುಡುಗ. ಮುಪ್ಪಿನಲ್ಲಿ, ಡೀಸಿಯಸ್ ಚಕ್ರವರ್ತಿಯ ಕಾಲದಲ್ಲಿ, ಅವನೇ ಸೆರೆಮನೆಯ ಚಿತ್ರಹಿಂಸೆಗೆ ಸಿಕ್ಕಿದ. ಅವನ ಬರಹಗಳ ಬಹುಪಾಲು ಹಾಳಾಗಿದೆ. 2012ರಲ್ಲಿ ಮ್ಯೂನಿಕ್‌ನ ಬವೇರಿಯಾ ರಾಜ್ಯ ಗ್ರಂಥಾಲಯದ ಒಂದು ಹಸ್ತಪ್ರತಿಯಲ್ಲಿ ಕೀರ್ತನೆಗಳ ಮೇಲಿನ ಅವನ 29 ಪ್ರವಚನಗಳು ಮೂಲ ಗ್ರೀಕಿನಲ್ಲೇ ಸಿಕ್ಕವು. ದೇವಾಲಯದ ನಾಶವನ್ನು ಕುರಿತು ಗೋಳಿಡುವ 74ನೇ ಕೀರ್ತನೆಯ ಮೇಲಿನ ಪ್ರವಚನಗಳೂ ಅದರಲ್ಲಿವೆ.

ಒರಿಜೆನ್‌ನ ವಿಧಾನಕ್ಕೆ ಒಂದು ಮಿತಿಯೂ ಇತ್ತು. ಬಾಬಿಲೋನಿನ ಸೆರೆಯಲ್ಲಿ ಹುಟ್ಟಿದ ದುಃಖದ ಹಾಡು ಎನಿಸಿದ 137ನೇ ಕೀರ್ತನೆ, ಶತ್ರುಗಳ ಹಸುಗೂಸುಗಳನ್ನು ಬಂಡೆಗೆ ಅಪ್ಪಳಿಸುವ ಭಯಂಕರ ಆಸೆಯೊಂದಿಗೆ ಮುಗಿಯುತ್ತದೆ. ಆ ಹಸುಗೂಸುಗಳು ಮನಸ್ಸಿನಲ್ಲಿ ಆಗಷ್ಟೇ ಹುಟ್ಟುವ ಕೆಟ್ಟ ಯೋಚನೆಗಳು, ಬೆಳೆಯುವ ಮೊದಲೇ ಅವನ್ನು ಮುಗಿಸಬೇಕು ಎಂದು ಒರಿಜೆನ್ ಅರ್ಥ ಹೇಳಿದ. ಆ ಸಾಲನ್ನು ಕೊಲೆಗೆ ಸಮರ್ಥನೆಯಾಗಿ ಯಾರೂ ಹಿಡಿಯದಂತೆ ಈ ಅರ್ಥ ಕಾಪಾಡಿತು, ನಿಜ. ಆದರೆ ಊರು ಸುಟ್ಟು, ಮಕ್ಕಳನ್ನು ಕಳೆದುಕೊಂಡು, ಪರದೇಶಕ್ಕೆ ಅಟ್ಟಿಸಿಕೊಂಡವರ ಹಸಿ ಕೋಪ ಅದರಲ್ಲಿ ಆವಿಯಾಗಿಹೋಯಿತು.

ಆಂಟಿಯೋಕಿನ ಪಂಡಿತರಿಗೆ ಈ ರೂಪಕದ ಆಟ ಒಗ್ಗಲಿಲ್ಲ. ಅವರಲ್ಲಿ ಎಲ್ಲರಿಗಿಂತ ಎದೆಗಾರ ಮೊಪ್ಸುಯೆಸ್ಟಿಯಾದ ತಿಯೊಡೋರ್, ಕ್ರಿಸೊಸ್ಟಮ್‌ನ ಎಳೆಯ ದಿನಗಳ ಗೆಳೆಯ. ಪ್ರತಿ ಕೀರ್ತನೆಗೂ ಇಸ್ರಾಯೇಲಿನ ಇತಿಹಾಸದಲ್ಲಿ ಒಂದು ಜಾಗ ಹುಡುಕಬೇಕು ಎಂಬುದು ಅವನ ಹಟ. ಇದು ದಾವೀದ ಮಗನಿಂದ ತಪ್ಪಿಸಿಕೊಂಡು ಓಡುವಾಗಿನದು, ಅದು ಹಿಜ್ಕೀಯ ರಾಜನ ಕಾಲದ್ದು, ಇನ್ನೊಂದು ಬಾಬಿಲೋನಿನ ಸೆರೆಯದು, ಮತ್ತೊಂದು ಮಕ್ಕಬಿಯರ ಹೋರಾಟದ್ದು. ನೇರವಾಗಿ ಕ್ರಿಸ್ತನನ್ನೇ ಕುರಿತ ಕೀರ್ತನೆಗಳೆಂದು ಅವನು ಒಪ್ಪಿದ್ದು ನಾಲ್ಕನ್ನು ಮಾತ್ರ: 2, 8, 45 ಮತ್ತು 110. ಆ ಪಟ್ಟಿಯಲ್ಲಿ 22 ಇಲ್ಲ. ತನ್ನ ಅಪರಾಧಗಳ ಮಾತಾಡುವವನು ಕ್ರಿಸ್ತನಾಗಲಾರ. ಅದು ಮಗ ಅಬ್ಷಾಲೋಮನ ಬಂಡಾಯದಲ್ಲಿ ಕಾಡುಪಾಲಾದ ದಾವೀದನ ಅಳು ಎಂದ. ಯೇಸು ಆ ಮಾತನ್ನು ಎತ್ತಿಕೊಂಡದ್ದು ತನ್ನ ಸಂಕಟಕ್ಕೆ ಅದು ಒಪ್ಪುವಂತಿತ್ತು ಎಂದಷ್ಟೆ. ಈ ವಾದ ಅವನು ಸತ್ತಮೇಲೂ ಅವನನ್ನು ಬಿಡಲಿಲ್ಲ.

ಪಂಡಿತರ ಈ ವಾಗ್ವಾದ ನಡೆದಿರುವಾಗಲೇ ಜನ ಕೀರ್ತನೆಗಳನ್ನು ಬಾಯಿಪಾಠ ಮಾಡಿಕೊಂಡು ಬದುಕಿಗೆ ಇಳಿಸಿಕೊಳ್ಳುತ್ತಿದ್ದರು. ಐದು ಬಾರಿ ಗಡಿಪಾರಾಗಿ, ಒಟ್ಟು 17 ವರ್ಷ ಊರುಬಿಟ್ಟು ಅಲೆದ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಷಿಯಸ್, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಮಾರ್ಸೆಲಿನಸ್ ಎಂಬ ಗೆಳೆಯನಿಗೆ ಬರೆದ ಪತ್ರ ಇದಕ್ಕೆ ಸಾಕ್ಷಿ. ಬೇರೆ ಶಾಸ್ತ್ರಗಳನ್ನು ಓದುವಾಗ ಮೋಶೆ ಹೇಳಿದ್ದು, ಯೆಶಾಯ ಹೇಳಿದ್ದು ಎಂದು ಕೇಳುತ್ತೇವೆ. ಕೀರ್ತನೆ ಓದುವವನು ಮಾತ್ರ ಅದನ್ನು ತನ್ನದೇ ಮಾತಾಗಿ ಆಡುತ್ತಾನೆ, ಅದು ಅವನ ಅಂತರಂಗಕ್ಕೆ ಹಿಡಿದ ಕನ್ನಡಿ ಎಂಬುದು ಆ ಪತ್ರದ ತಿರುಳು. ಆಮೇಲೆ ಅವನು ವೈದ್ಯ ಔಷಧ ಬರೆದುಕೊಡುವ ಹಾಗೆ ಒಂದೊಂದು ಸಂಕಟಕ್ಕೂ ಒಂದೊಂದು ಕೀರ್ತನೆ ಸೂಚಿಸುತ್ತಾನೆ. ಮನೆಯವರೇ ತಿರುಗಿಬಿದ್ದರೆ 3ನೆಯದು ಎಂದು ಪಟ್ಟಿ ಹೋಗುತ್ತದೆ. ಮಾತು ಒರಟಾಗಿದೆ ಎಂದು ಯಾರೂ ತಿದ್ದಕೂಡದು, ಇದ್ದ ಹಾಗೇ ಹೇಳಬೇಕು ಎಂಬುದು ಅವನ ಕಟ್ಟಪ್ಪಣೆ. ಈ ಪತ್ರಕ್ಕೆ ಎಂಥ ಮಾನ್ಯತೆ ಸಿಕ್ಕಿತೆಂದರೆ, 5ನೇ ಶತಮಾನದ ಪ್ರಸಿದ್ಧ ಬೈಬಲ್ ಹಸ್ತಪ್ರತಿ ಕೋಡೆಕ್ಸ್ ಅಲೆಕ್ಸಾಂಡ್ರಿನಸ್‌ನಲ್ಲಿ ಕೀರ್ತನೆಗಳಿಗಿಂತ ಮೊದಲು ಇದನ್ನೇ ಬರೆದಿಟ್ಟಿದ್ದಾರೆ.

ಮ್ಯಾಕ್ರಿನಾಳ ಇನ್ನೊಬ್ಬ ತಮ್ಮ, ಕೈಸರೈಯದ ಬೆಸಿಲ್, 375ರ ಸುಮಾರಿಗೆ ಬರೆದ ಒಂದು ಪತ್ರದಲ್ಲಿ ತನ್ನ ಜನ ಕೀರ್ತನೆಗಳನ್ನು ಹಾಡುತ್ತಿದ್ದ ಬಗೆ ಸಿಗುತ್ತದೆ. ಇನ್ನೂ ಕತ್ತಲಿರುವಾಗ ಎದ್ದು ಗುಡಿಗೆ ಬರುತ್ತಾರೆ. ಸಂಕಟದಿಂದ, ಬಿಡದ ಕಣ್ಣೀರಿನಿಂದ ದೇವರ ಮುಂದೆ ನಿವೇದಿಸಿಕೊಳ್ಳುತ್ತಾರೆ. ಆಮೇಲೆ ಎರಡು ಗುಂಪಾಗಿ ಎದುರುಬದುರು ನಿಂತು ಒಬ್ಬರಾದ ಮೇಲೊಬ್ಬರು ಹಾಡುತ್ತಾರೆ; ಬೆಳಕು ಹರಿದಾಗ ಎಲ್ಲರೂ ಒಂದೇ ಬಾಯಿಂದ ಪಾಪನಿವೇದನೆಯ ಕೀರ್ತನೆ ಹೇಳುತ್ತಾರೆ. ಇದು ಹೊಸ ಪದ್ಧತಿ ಎಂದು ಪಕ್ಕದ ನವಕೈಸರೈಯದವರು ದೂರಿದ್ದಕ್ಕೆ ಬೆಸಿಲ್ ಬರೆದ ಸಮಜಾಯಿಷಿ ಇದು. ಆ ದೂರಿನ ದೆಸೆಯಿಂದ ನಮಗೆ ಈ ಚಿತ್ರ ಸಿಕ್ಕಿತು.

ಪಶ್ಚಿಮದಲ್ಲಿ ಈ ಹಾಡುಗಾರಿಕೆ ಬೇರೂರಿದ್ದು ಒಂದು ರಾಜಕೀಯ ಬಿಕ್ಕಟ್ಟಿನ ನಡುವೆ. 386ರಲ್ಲಿ ಮಿಲಾನಿನ ಆಸ್ಥಾನದಲ್ಲಿ ಬಾಲಚಕ್ರವರ್ತಿ ಎರಡನೇ ವ್ಯಾಲೆಂಟಿನಿಯನ್‌ನ ತಾಯಿ ಜಸ್ಟಿನಾ, ಕ್ರಿಸ್ತ ತಂದೆಗೆ ಸಮನಲ್ಲ ಎನ್ನುತ್ತಿದ್ದ ಏರಿಯನ್ ಪಂಥದವರಿಗಾಗಿ ಒಂದು ದೊಡ್ಡ ಚರ್ಚನ್ನು ಬಿಟ್ಟುಕೊಡಬೇಕೆಂದು ಪಟ್ಟುಹಿಡಿದಳು. ಬಿಷಪ್ ಆಂಬ್ರೋಸ್ ಒಪ್ಪಲಿಲ್ಲ. ಸೈನಿಕರು ಸುತ್ತುವರಿದರು, ಜನ ಒಳಗೇ ಕೂತರು. ಆ ಜನರಲ್ಲಿ ಉತ್ತರ ಆಫ್ರಿಕಾದಿಂದ ಮಗನನ್ನು ಹುಡುಕಿಕೊಂಡು ಬಂದಿದ್ದ ಮೋನಿಕಾ ಎಂಬ ವಿಧವೆಯೂ ಇದ್ದಳು. ದುಃಖದಿಂದ ಬೇಸತ್ತು ಜನ ಸೊರಗಬಾರದೆಂದು ಪೂರ್ವದೇಶಗಳ ರೀತಿಯಲ್ಲಿ ಕೀರ್ತನೆ ಹಾಡುವುದನ್ನು ಆಗ ಶುರುಮಾಡಿದರು ಎಂದು ಅವಳ ಮಗನೇ ಮುಂದೆ ಬರೆದ.

ಆ ದಿನಗಳ ಬಗ್ಗೆ ಆಂಬ್ರೋಸ್ ತನ್ನ ಅಕ್ಕ ಮಾರ್ಸೆಲಿನಾಗೆ ಕಾಗದ ಬರೆದ. ಅದರಲ್ಲಿ ನನಗೆ ಬಹಳ ಹಿಡಿಸಿದ ಪ್ರಸಂಗವೊಂದಿದೆ. ಪವಿತ್ರ ವಾರದಲ್ಲಿ ಸೈನಿಕರು ಚರ್ಚಿನೊಳಕ್ಕೆ ನುಗ್ಗಿದಾಗ ಹೆಂಗಸರು ಗಾಬರಿಯಾದರು, ಒಬ್ಬಳು ಹೊರಕ್ಕೆ ಓಡಿಹೋದಳು. ಸೈನಿಕರು, ತಾವು ಬಂದದ್ದು ಕಾದಾಡಲು ಅಲ್ಲ, ಪ್ರಾರ್ಥನೆಗೆ ಎಂದರು. ಆ ದಿನ ಹಾಡಿದ್ದು 79ನೇ ಕೀರ್ತನೆ, ಅನ್ಯಜನರು ದೇವಾಲಯಕ್ಕೆ ನುಗ್ಗಿ ಹೊಲೆಗೆಡಿಸಿದ್ದನ್ನು ನೆನೆದು ಜನಾಂಗವೊಂದು ಗೋಳಿಡುವ ಕೀರ್ತನೆ. ಆಂಬ್ರೋಸ್ ಅದನ್ನು ಸೈನಿಕರಿಗೇ ಹೊಂದಿಸಿ ಹೇಳಿದ: ನುಗ್ಗಲು ಬಂದ ಅನ್ಯಜನರು ಪಾಲುದಾರರಾಗಿ ನಿಂತರು. ಪ್ರಲಾಪ ಅಲ್ಲೇ, ಆ ಜನರ ಕಣ್ಣೆದುರಿಗೇ, ಸ್ವಾಗತವಾಯಿತು.

ಮೋನಿಕಾಳ ಮಗ ಅಗಸ್ಟೀನ್ 387ರ ಈಸ್ಟರಿನಲ್ಲಿ ಆಂಬ್ರೋಸ್‌ನಿಂದ ದೀಕ್ಷಾಸ್ನಾನ ಪಡೆದ. ಅದೇ ವರ್ಷ, ಊರಿಗೆ ಮರಳಲು ಹಡಗು ಕಾಯುತ್ತಿದ್ದಾಗ, ರೋಮಿನ ಬಂದರು ಓಸ್ಟಿಯಾದಲ್ಲಿ ತಾಯಿ ತೀರಿಕೊಂಡಳು. ಅಗಸ್ಟೀನನ ಮಗ, ಹದಿಹರೆಯದ ಅಡಿಯೊಡಾಟಸ್, ಅಜ್ಜಿಯ ಕಣ್ಣು ಮುಚ್ಚಿದೊಡನೆ ಜೋರಾಗಿ ಅತ್ತ; ದೊಡ್ಡವರು ಸುಮ್ಮನಿರಿಸಿದರು. ಗೆಳೆಯ ಎವೋಡಿಯಸ್ ಕೀರ್ತನೆಯ ಪುಸ್ತಕ ತೆಗೆದು 101ನೆಯದನ್ನು ಹಾಡತೊಡಗಿದ, ಮನೆಮಂದಿ ದನಿಗೂಡಿಸಿದರು. ಅಗಸ್ಟೀನ್ ಅಳಲಿಲ್ಲ. ಮಣ್ಣು ಮಾಡುವಾಗಲೂ ಅಳಲಿಲ್ಲ. ಮನಸ್ಸು ಹಗುರಾದೀತೆಂದು ಸ್ನಾನ ಮಾಡಿದ, ಆಗಲಿಲ್ಲ. ರಾತ್ರಿ ಮಲಗಿ ಎದ್ದಾಗ ಆಂಬ್ರೋಸ್ ಕಟ್ಟಿದ ಸ್ತುತಿಗೀತೆಯೊಂದು ನೆನಪಾಯಿತು, ಅದರ ಬೆನ್ನಿಗೇ ತಾಯಿ. ತಡೆದಿಟ್ಟದ್ದೆಲ್ಲ ಹರಿದುಬಂತು. ತನ್ನ ‘ಕನ್ಫೆಷನ್ಸ್’ ಆತ್ಮಕಥನದಲ್ಲಿ ಇದನ್ನೆಲ್ಲ ಬಿಚ್ಚಿಟ್ಟು, ತಾಯಿಗಾಗಿ ಒಂದು ಗಳಿಗೆ ಅತ್ತದ್ದು ತಪ್ಪೆಂದು ಕಂಡರೂ ನನ್ನನ್ನು ನೋಡಿ ನಗಬೇಡಿ ಎಂದು ಓದುಗರನ್ನು ಕೇಳಿಕೊಳ್ಳುತ್ತಾನೆ. ಹಾಗೆ ಕೇಳಿಕೊಳ್ಳಬೇಕಾಗಿ ಬಂತೆಂದರೆ ಆ ಕಾಲದಲ್ಲಿ ಕಣ್ಣೀರಿನ ಮೇಲೆ ಎಷ್ಟು ಕಾವಲಿತ್ತೆಂದು ಊಹಿಸಬಹುದು.

ಇದೇ ಮನುಷ್ಯ ಉತ್ತರ ಆಫ್ರಿಕಾದ ಬಂದರು ಪಟ್ಟಣ ಹಿಪ್ಪೊದ ಬಿಷಪ್ಪನಾಗಿ 22ನೇ ಕೀರ್ತನೆಯ ತೊಡಕನ್ನು ಬಿಡಿಸಿದ. 390ರ ದಶಕದಿಂದ ಸುಮಾರು ಮೂರು ದಶಕ ಅವನು 150 ಕೀರ್ತನೆಗಳಿಗೂ ವ್ಯಾಖ್ಯಾನ ಮಾಡಿದ. ಅವನ ಬರಹಗಳಲ್ಲೆಲ್ಲ ಅತಿ ದೊಡ್ಡದು ಅದು. 22ರ ಮೇಲಿನ ಪ್ರವಚನ ಯೇಸು ಸತ್ತ ಶುಕ್ರವಾರದ್ದು. ಗ್ರೀಕ್ ಎಣಿಕೆಯಲ್ಲಿ, ಹಾಗಾಗಿ ಲ್ಯಾಟಿನ್ನಿನಲ್ಲೂ, ಅದು 21ನೆಯದು. ಆಫ್ರಿಕಾದ ಕ್ರೈಸ್ತರು ಆಗ ಎರಡು ಹೋಳಾಗಿದ್ದರು. ಡೊನಾಟಸ್‌ನ ಪಕ್ಷದವರೂ ಈ ಹೊತ್ತು ಇದೇ ಕೀರ್ತನೆ ಓದುತ್ತಿದ್ದಾರೆಯೇ ಎಂದು ಅವನು ಜನರ ಮುಂದೆ ಅಚ್ಚರಿಪಡುತ್ತಾನೆ. ಹರಿಯದೆ ಉಳಿದ ಅಂಗಿಗೆ ಚೀಟಿ ಹಾಕಿದ ಪ್ರಸಂಗವನ್ನು ಒಡೆದುಹೋದ ಸಭೆಯ ಎದುರು ಹಿಡಿಯುತ್ತಾನೆ. ಆ ವಾದದ ನಡುವೆಯೇ ಮುಖ್ಯ ಮಾತು ಬರುತ್ತದೆ. ಕೈಬಿಟ್ಟೆಯೇಕೆ ಎಂಬ ಕೂಗು ಶಿಲುಬೆಯಿಂದ ಬಂದದ್ದೇಕೆ? ನಾವೂ ಅಲ್ಲಿ ಇದ್ದುದರಿಂದ. ಕ್ರಿಸ್ತ ತಲೆ, ಸಭೆ ಅವನ ಮೈ. ಅಪರಾಧಗಳು ಮೈಯವು, ದನಿ ತಲೆಯದು.

ಇದಕ್ಕೆ ಅವನು ಬೇರೊಂದು ಪ್ರವಚನದಲ್ಲಿ ಕೊಡುವ ಉದಾಹರಣೆ ಬಂದರಿನ ಜನಕ್ಕೂ ತಿಳಿಯುವಂಥದು. ಜನಜಂಗುಳಿಯಲ್ಲಿ ಯಾರೋ ನಿನ್ನ ಕಾಲು ತುಳಿದರೆ ನಾಲಗೆ ಕೂಗುತ್ತದೆ. ನಾಲಗೆಯನ್ನು ಯಾರೂ ಮುಟ್ಟಿಲ್ಲ, ಆದರೂ ನನ್ನನ್ನು ತುಳಿದೆ ಎನ್ನುತ್ತದೆ. ಹಾಗೆಯೇ ಪರಲೋಕದಲ್ಲಿರುವ ಯೇಸು, ಕ್ರೈಸ್ತರನ್ನು ಹಿಂಸಿಸುತ್ತಿದ್ದ ಸೌಲನಿಗೆ ನನ್ನನ್ನೇಕೆ ಹಿಂಸಿಸುತ್ತೀ ಎಂದ. ಜಸ್ಟಿನ್ ಕೀರ್ತನೆಯ ಅಳುವನ್ನು ಕ್ರಿಸ್ತನೊಬ್ಬನಿಗೆ ಬಿಟ್ಟುಕೊಟ್ಟಿದ್ದ, ತಿಯೊಡೋರ್ ದಾವೀದನಿಗೆ. ಅಗಸ್ಟೀನ್ ಅದನ್ನು ಎದುರಿಗೆ ನಿಂತಿದ್ದ ಮೀನುಗಾರನಿಗೂ ವಿಧವೆಗೂ ಕೊಟ್ಟ, ಕ್ರಿಸ್ತನಿಂದ ಕಿತ್ತುಕೊಳ್ಳದೆಯೇ ಕೊಟ್ಟ. ಓಸ್ಟಿಯಾದಲ್ಲಿ ತಾನು ಅಳಲು ಹೆದರಿದ ಮನುಷ್ಯನೇ ಅಳುವುದಕ್ಕೆ ಇಷ್ಟು ದೊಡ್ಡ ಆಸರೆ ಕಟ್ಟಿದ. ಆದಿ ಕ್ರೈಸ್ತರ ಎಲ್ಲ ಓದುಗಳಲ್ಲಿ ಇದೇ ಹೆಚ್ಚು ಮಾನವೀಯವಾದದ್ದು ಎಂಬುದು ನನ್ನ ಅಭಿಪ್ರಾಯ.

ಈ ಕಥೆಗೆ ಕರಾಳವಾದ ಒಂದು ಬದಿಯೂ ಇದೆ, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಈ ಪ್ರಲಾಪಗಳು ಮೊದಲಿಗೆ ಯಹೂದಿ ಜನರವು. ಎರಡನೇ ದೇವಾಲಯ 70ರಲ್ಲಿ ರೋಮನ್ನರ ಕೈಯಲ್ಲಿ ಸುಟ್ಟುಹೋದ ಮೇಲೆ, 132–135ರ ಬಂಡಾಯ ನೆಲಕಚ್ಚಿದ ಮೇಲೆ, ಅವರಿಗೆ ಅಳಲು ಹೊಸ ಕಾರಣಗಳೂ ಇದ್ದವು. ಆದರೆ ಕ್ರೈಸ್ತ ವ್ಯಾಖ್ಯಾನದಲ್ಲಿ ಅಳುವವನು ಕ್ರಿಸ್ತನಾದರೆ, ಅವನನ್ನು ಸುತ್ತುವರಿದ ಶತ್ರುಗಳ ಜಾಗಕ್ಕೆ ಯಹೂದಿಗಳು ಬಂದರು. ಜಸ್ಟಿನ್‌ನಲ್ಲೇ ಇದು ಶುರುವಾಗುತ್ತದೆ, ಅಗಸ್ಟೀನನೂ ಹೊರತಲ್ಲ. ಹಿಂದಿನ ಕಾಲದ ಸೌಲ ರಾಜನ ಆಳುಗಳು ಮನೆಗೆ ಕಾವಲು ಹಾಕಿದಾಗ ದಾವೀದ ಇಟ್ಟ ಮೊರೆ ಎನ್ನುವ 59ನೇ ಕೀರ್ತನೆಯಲ್ಲಿ, ಶತ್ರುಗಳನ್ನು ಕೊಲ್ಲಬೇಡ, ಚದುರಿಸು ಎಂಬ ಬೇಡಿಕೆ ಇದೆ. ಯಹೂದಿಗಳನ್ನು ಕೊಲ್ಲಕೂಡದು, ಅವರು ಚದುರಿ ಬಾಳುತ್ತಾ ಶಾಸ್ತ್ರಕ್ಕೆ ಸಾಕ್ಷಿಯಾಗಿರಲಿ ಎಂದು ಅಗಸ್ಟೀನ್ ಅದರಿಂದ ತೀರ್ಮಾನಿಸಿದ. 1146ರಲ್ಲಿ ರೈನ್ ನದಿ ತೀರದಲ್ಲಿ ಯಹೂದಿಗಳ ಮೇಲೆ ದಾಳಿ ನಡೆದಾಗ ಕ್ಲೇರ್ವೋದ ಬರ್ನಾರ್ಡ್ ಇದೇ ಸಾಲನ್ನು ಹಿಡಿದು ಕೊಲೆಗಳನ್ನು ತಡೆಯಲು ಹೆಣಗಿದ. ಪ್ರಾಣ ಉಳಿಸಿದ ವ್ಯಾಖ್ಯಾನ ಅದು. ಆದರೆ ಒಂದು ಜನಾಂಗ ಸದಾ ಚದುರಿಯೇ ಇರಬೇಕೆಂದೂ ಅದು ವಿಧಿಸಿತು. ಆ ಜನಾಂಗದ ಅಳುವಿನಿಂದಲೇ ಅದನ್ನು ವಿಧಿಸಿತು ಎಂಬುದು ಇನ್ನೂ ನೋವಿನ ವಿಷಯ.

430ರ ಬೇಸಿಗೆಯಲ್ಲಿ ವ್ಯಾಂಡಲರು ಹಿಪ್ಪೊ ಪಟ್ಟಣಕ್ಕೆ ಮುತ್ತಿಗೆ ಹಾಕಿದರು. ಸುತ್ತಲ ಊರುಗಳಿಂದ ಓಡಿಬಂದವರು ಒಳಗೆ ತುಂಬಿದ್ದರು. ಮುತ್ತಿಗೆಯ ಮೂರನೇ ತಿಂಗಳು ಎಪ್ಪತ್ತಾರು ತುಂಬುತ್ತಿದ್ದ ಅಗಸ್ಟೀನ್ ಜ್ವರ ಬಂದು ಮಲಗಿದ. ಜೊತೆಗಿದ್ದ ಬಿಷಪ್ ಪೊಸಿಡಿಯಸ್ ಕೊನೆಯ ದಿನಗಳ ವಿವರ ಬರೆದಿದ್ದಾನೆ. ಪಶ್ಚಾತ್ತಾಪದ ಕೆಲವು ಕೀರ್ತನೆಗಳನ್ನು ಹಾಳೆಗಳ ಮೇಲೆ ನಕಲು ಮಾಡಿಸಿ, ಮಲಗಿದಲ್ಲಿಂದಲೇ ಕಾಣುವ ಹಾಗೆ ಗೋಡೆಗೆ ಹಾಕಿಸಿಕೊಂಡ. ಅವನ್ನು ಓದುತ್ತಾ ಎಡೆಬಿಡದೆ ಅಳುತ್ತಿದ್ದ. ಸಾಯುವುದಕ್ಕೆ ಸುಮಾರು ಹತ್ತು ದಿನ ಮೊದಲಿನಿಂದ, ವೈದ್ಯರು ಬರುವಾಗ ಮತ್ತು ಊಟ ತರುವಾಗ ಬಿಟ್ಟರೆ ಬೇರೆ ಯಾರೂ ಒಳಗೆ ಬರಕೂಡದೆಂದು ಹೇಳಿದ್ದ. ಆಗಸ್ಟ್ 28ರಂದು ತೀರಿಕೊಂಡ. ಸುಮಾರು ನೂರು ವರ್ಷದ ಮೇಲೆ ಇಟಲಿಯ ಕ್ಯಾಸಿಯೊಡೋರಸ್ ತನ್ನ ಕೀರ್ತನೆಗಳ ವ್ಯಾಖ್ಯಾನದಲ್ಲಿ ಪಶ್ಚಾತ್ತಾಪದ ಕೀರ್ತನೆಗಳು ಏಳು ಎಂದು ಎಣಿಸಿದ: 6, 32, 38, 51, 102, 130 ಮತ್ತು 143. ಪಶ್ಚಿಮದ ಕ್ರೈಸ್ತರು ಇವತ್ತಿಗೂ ಆ ಏಳನ್ನೇ ಆ ಹೆಸರಿನಿಂದ ಕರೆಯುತ್ತಾರೆ.

ತಿಯೊಡೋರನ ಪಾಡು ಬೇರೆಯಾಯಿತು. ಅವನು ಸತ್ತು 125 ವರ್ಷವಾದ ಮೇಲೆ, 553ರಲ್ಲಿ, ಕಾನ್‌ಸ್ಟಾಂಟಿನೋಪಲಿನ ಮಹಾಸಭೆ ಅವನನ್ನೂ ಅವನ ಬರಹಗಳನ್ನೂ ಖಂಡಿಸಿತು. ಕ್ರಿಸ್ತನ ಸ್ವರೂಪದ ಬಗೆಗಿನ ಅವನ ಮಾತುಗಳ ಜೊತೆಗೆ, 22ನೇ ಕೀರ್ತನೆಯನ್ನು ದಾವೀದನಿಗೆ ಬಿಟ್ಟುಕೊಟ್ಟ ವ್ಯಾಖ್ಯಾನವೂ ಆರೋಪಪಟ್ಟಿಯಲ್ಲಿ ಸೇರಿತ್ತು. ಯಹೂದಿಗಳಂತೆ ಓದುತ್ತಾನೆ ಎಂಬುದು ವಿರೋಧಿಗಳ ದೂರು. ಗ್ರೀಕ್ ಮೂಲ ಬಹುಪಾಲು ಕಳೆದುಹೋಯಿತು. ತುಣುಕುಗಳು, ಲ್ಯಾಟಿನ್ ಮತ್ತು ಸಿರಿಯಾಕ್ ಅನುವಾದದ ಭಾಗಗಳು ಉಳಿದವು. ಆದರೆ ರೋಮನ್ ಸಾಮ್ರಾಜ್ಯದ ಗಡಿಯಾಚೆ, ಪರ್ಷಿಯಾದ ಪೂರ್ವ ಸಿರಿಯಾಕ್ ಸಭೆಯಲ್ಲಿ, ಅವನಿಗೆ ‘ವ್ಯಾಖ್ಯಾನಕಾರ’ ಎಂಬುದೇ ಬಿರುದಾಯಿತು. ಅಲ್ಲಿನ ಕೀರ್ತನೆ ಪುಸ್ತಕಗಳಲ್ಲಿ ಒಂದೊಂದು ಕೀರ್ತನೆಯ ತಲೆಯ ಮೇಲೂ ಅವನ ವ್ಯಾಖ್ಯಾನವನ್ನು ಅನುಸರಿಸಿದ ಟಿಪ್ಪಣಿ ಬರೆದರು: ಇದು ಯಾರ ಮೊರೆ, ಯಾವ ಕಾಲದ್ದು ಎಂದು. ಆ ಸಭೆಯ ಬಿಷಪ್ಪರು ಸಮುದ್ರಮಾರ್ಗವಾಗಿ ನಮ್ಮ ಪಡುವಣ ಕರಾವಳಿಗೂ ಬಂದು, ಮಲಬಾರಿನ ತೋಮನ ಕ್ರೈಸ್ತರ ಆರಾಧನೆಯನ್ನು ಶತಮಾನಗಳ ಕಾಲ ಸಿರಿಯಾಕ್ ಭಾಷೆಯಲ್ಲಿ ನಡೆಸಿದರು. ಪೂರ್ವ ಸಿರಿಯಾಕ್ ಪದ್ಧತಿಯನ್ನು ಪಾಲಿಸುವ ಕಲ್ದಾಯ ಸುರಿಯಾನಿ ಸಭೆ ಈಗಲೂ ತ್ರಿಶೂರಿನಲ್ಲಿದೆ.